ಮೂರು ನಿಮಿಷದ ಭಾಷಣ

ಬೆಳಿಗ್ಗೆ ಫೋನಿಗೆ ಒಂದು ಆಮಂತ್ರಣ ಪತ್ರಿಕೆ ಬಂತು. ತುಮಕೂರಿನಲ್ಲಿ ನಾನು ಓದಿದ ಶಾಲೆಗೆ ಹೊಸ ಕೊಠಡಿ ಕಟ್ಟಿದ್ದಾರೆ, ಅದರ ಉದ್ಘಾಟನೆ. ಕೊಠಡಿಯ ಬಗ್ಗೆ ಒಂದೇ ಸಾಲು, ಉಳಿದದ್ದೆಲ್ಲ ಹೆಸರುಗಳು. ಘನ ಉಪಸ್ಥಿತಿ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಬೆರಳಿನಿಂದ ದೊಡ್ಡದು ಮಾಡಿ ಓದುತ್ತ ಟ್ರಾಮಿನಲ್ಲಿ ಒಬ್ಬಳೇ ನಕ್ಕೆ. ಎದುರು ಕೂತ ಅಜ್ಜಿ ತಮ್ಮ ಚೀಲವನ್ನು ಕೊಂಚ ಹತ್ತಿರಕ್ಕೆ ಎಳೆದುಕೊಂಡರು. ಅವರಿಗೆ ಹೇಗೆ ವಿವರಿಸಲಿ? ನಿಮಗಾದರೆ ಹೇಳಬಹುದು.

ಜರ್ಮನಿಯ ಡಾರ್ಮ್‌ಸ್ಟಾಟ್ ಪಕ್ಕದ ನಮ್ಮ ಸಣ್ಣ ಊರಿನಲ್ಲಿ, ಮಗಳ ಪ್ರಾಥಮಿಕ ಶಾಲೆಯ ಪಾಲಕರ ಸಮಿತಿಗೆ ನಾನು ಅಧ್ಯಕ್ಷೆಯಾಗಿದ್ದೆ. ದೊಡ್ಡ ಸಾಧನೆಯೇನಲ್ಲ. ಯಾರು ಆಗುತ್ತೀರಿ ಎಂದಾಗ ಎಲ್ಲರೂ ಮೇಜು ನೋಡುತ್ತಿದ್ದರು. ಚಳಿಗೆ ನಡುಗುತ್ತಿದ್ದ ನಾನು, ಕಿಟಕಿ ಮುಚ್ಚಲೇ ಎಂದು ಕೇಳಲು ಕೈ ಎತ್ತಿದೆ. ಚಪ್ಪಾಳೆ ಬಿತ್ತು. ಕಿಟಕಿ ಮಾತ್ರ ಕೊನೆಯವರೆಗೂ ತೆರೆದೇ ಇತ್ತು.

ಶಾಲೆಯ ಮುಖ್ಯಸ್ಥೆ ಫ್ರಾವ್ ಬ್ರಾಂಟ್, ನಮ್ಮ ಮಾತಿನಲ್ಲಿ ಬ್ರಾಂಟ್ ಮೇಡಂ. ಮಕ್ಕಳ ಮುಂದೆ ಹುಲಿ, ಮೈಕಿನ ಮುಂದೆ ಇಲಿ. ಮಧ್ಯಾಹ್ನದ ಮೇಲೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ದಾವಣಗೆರೆಯ ನಸ್ರೀನ್. ಬೇರೆ ದೇಶಗಳಿಂದ ಹೊಸದಾಗಿ ಬಂದ, ಜರ್ಮನ್ ಬಾರದ ಮಕ್ಕಳೆಲ್ಲ ಅವಳ ಹಿಂದೆಯೇ. ಅವರಿಗೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿಸುತ್ತ ಜರ್ಮನ್ ಎಣಿಕೆ ಕಲಿಸಿಬಿಡುತ್ತಿದ್ದಳು. ಆ ವರ್ಷ ವಲಸೆ ನಿಯಮ ಬದಲಾಯಿತು. ಅರ್ಧ ದಿನದ ಕೆಲಸದ ಮೇಲೆ ಅವಳ ವೀಸಾ ಮುಂದುವರಿಯದು, ಪೂರ್ಣ ದಿನದ ಕರಾರು ಬೇಕು ಎಂದು ಪತ್ರ ಬಂತು. ಕರಾರು ಕೊಡಬೇಕಾದ್ದು ನಗರಸಭೆ. ಕೊಡದಿದ್ದರೆ ಬೇಸಿಗೆ ರಜೆಗೆ ಮುಂಚೆ ನಸ್ರೀನ್ ದೇಶ ಬಿಡಬೇಕು.

ಫ್ರಾವ್ ಬ್ರಾಂಟ್ ಆ ಪತ್ರ ಹಿಡಿದು ನನ್ನ ಮುಂದೆ ಕೂತರು. ಅಷ್ಟು ವರ್ಷ ಶಾಲೆ ನಡೆಸಿದವರಿಗೆ ತಮ್ಮದೇ ದೇಶದ ವೀಸಾ ಕಾಗದ ಅರ್ಥವಾಗಲಿಲ್ಲ. ಪಾಪ, ಅವರಿಗೆ ಅದನ್ನು ಓದುವ ಕರ್ಮ ಎಂದೂ ಬಂದಿರಲಿಲ್ಲ. ನನಗೋ ಅದು ಅಂಗೈ ಮೇಲಿನ ನೆಲ್ಲಿಕಾಯಿ. ಸಾಲು ಸಾಲಾಗಿ ಬಿಡಿಸಿ ಹೇಳಿದೆ, ಎಲ್ಲಕ್ಕೂ ಮೂರು ಜೆರಾಕ್ಸ್ ತೆಗೆದು ಫೈಲು ಮಾಡಿಕೊಟ್ಟೆ. ಇಬ್ಬರೂ ಟ್ರಾಮ್ ಸ್ಟಾಪಿನಲ್ಲಿ ನಿಂತು ಸಹಿ ಸಂಗ್ರಹಿಸಿದೆವು. ಉಳಿದದ್ದು ನಗರಸಭೆಯ ಶಾಲಾ ಸಮಿತಿಯ ಸಭೆ. ಅಲ್ಲಿ ಮುಖ್ಯಸ್ಥೆಗೆ ಮಾತಾಡಲು ಮೂರು ನಿಮಿಷ. ನೀವೇ ಬರೆದುಕೊಡಿ ಎಂದರು. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಸ್ಟೀಲ್ ಲೋಟ ಗೆದ್ದವಳು ನಾನು, ಇಲ್ಲವೆನ್ನಲೇ?

ನಮ್ಮಲ್ಲಿ ಭಾಷಣ ಹೇಗೆ ಶುರುವಾಗುತ್ತದೆಂದು ನಿಮಗೆ ಗೊತ್ತು. ವೇದಿಕೆಯ ಮೇಲಿನ ಒಬ್ಬರ ಹೆಸರು ಬಿಟ್ಟುಹೋದರೂ ಮೂರು ವರ್ಷ ಮುಖ ತಿರುಗಿಸುತ್ತಾರೆ. ಹದಿಮೂರು ಸದಸ್ಯರ ಹೆಸರನ್ನೂ, ಒಬ್ಬೊಬ್ಬರು ಊರಿಗೆ ಮಾಡಿದ ಉಪಕಾರವನ್ನೂ ಹುಡುಕಿ ಬರೆದೆ. ಸೈಕಲ್ ದಾರಿ ಹಾಕಿಸಿದವರು, ಈಜುಕೊಳ ಮುಚ್ಚದಂತೆ ಹೋರಾಡಿದವರು, ಕೊನೆಗೆ ಸಭಾಂಗಣದ ಬಾಗಿಲು ತೆರೆದವರು. ಇದೆಲ್ಲ ಬೇಕೇ ಎಂದು ಫ್ರಾವ್ ಬ್ರಾಂಟ್ ಹುಬ್ಬೇರಿಸಿದರು. ಇಲ್ಲದೆ ಹೇಗೆ ಎಂದೆ. ಗಡಿಯಾರ ಇಟ್ಟು ಓದಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನಮ್ಮೂರಲ್ಲಿ ಮೂರು ನಿಮಿಷ ಎಂದರೆ ಇಪ್ಪತ್ತು.

ಸಭೆಯಲ್ಲಿ ಹತ್ತನೆಯ ಹೆಸರು ಮುಗಿಯುತ್ತಿದ್ದಂತೆ ಸಮಯವಾಯಿತೆಂದು ಗಂಟೆ ಬಾರಿಸಿದರು. ಫ್ರಾವ್ ಬ್ರಾಂಟ್ ಅರ್ಧ ವಾಕ್ಯದಲ್ಲೇ ನಿಲ್ಲಿಸಿದರು. ನಸ್ರೀನಳ ಹೆಸರು ಇನ್ನೂ ಎರಡು ಪುಟ ದೂರದಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಅವಳು ನನ್ನ ಕೈ ಹಿಡಿದುಕೊಂಡಳು. ನನ್ನ ಜಾಣತನದಿಂದ ಒಬ್ಬಳ ಬದುಕು ಹಾಳಾಯಿತಲ್ಲ ಎಂದುಕೊಂಡೆ.

ಆಗ ಈಜುಕೊಳ ಉಳಿಸಿದ ಸದಸ್ಯೆ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷಗಳಲ್ಲಿ ಇಲ್ಲಿಗೆ ಬಂದವರೆಲ್ಲ ಬೈದೇ ಹೋಗಿದ್ದಾರೆ, ಥ್ಯಾಂಕ್ಸ್ ಹೇಳಿದವರು ನೀವೇ ಮೊದಲು, ಅಂದಹಾಗೆ ನಿಮಗೆ ಬೇಕಾಗಿದ್ದೇನು ಎಂದು ಕೇಳಿದರು. ಸದಸ್ಯರ ಪ್ರಶ್ನೆಗೆ ಉತ್ತರಿಸಲು ಗಂಟೆಯ ಕಾಟವಿಲ್ಲ, ಅದೂ ಅಲ್ಲಿಯ ನಿಯಮವೇ.

ಫ್ರಾವ್ ಬ್ರಾಂಟ್ ನನ್ನ ಕಾಗದಗಳನ್ನು ಮಡಚಿ ಪಕ್ಕಕ್ಕಿಟ್ಟರು. "ನಮಗೆ ನಸ್ರೀನ್ ಬೇಕು," ಎಂದರು. "ಭಾಷೆ ಬಾರದ ಮಕ್ಕಳು ಮೊದಲ ದಿನ ಅಳುತ್ತ ಬರುತ್ತವೆ. ಅವಳಿದ್ದರೆ ಎರಡನೆಯ ದಿನ ಓಡಿಬರುತ್ತವೆ. ಅವಳಿಗೆ ಪೂರ್ಣ ದಿನದ ಕೆಲಸ ಕೊಡಿ."

ಮತಕ್ಕೆ ಹಾಕಿದರು. ಹತ್ತು ಕೈ ಮೇಲೆದ್ದವು. ಎತ್ತದೆ ಉಳಿದವರು ಮೂವರು, ಗಂಟೆ ಬಾರಿಸುವುದರೊಳಗೆ ತಮ್ಮ ಹೆಸರು ಬಾರದೆ ಹೋದವರೂ ಆ ಮೂವರೇ. ನಸ್ರೀನ್ ಅತ್ತಳು, ನಾನೂ ಅತ್ತೆ. ಹೊರಗೆ ಬಂದಮೇಲೆ ಫ್ರಾವ್ ಬ್ರಾಂಟ್ ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಎತ್ತಿಯೇ ಬಿಟ್ಟರು.

ಈಗ ಸುತ್ತಲ ಊರುಗಳ ಶಾಲೆಯವರು ಇಂಥ ಪತ್ರ ಬಂದರೆ ಫ್ರಾವ್ ಬ್ರಾಂಟ್‌ಗೆ ಫೋನ್ ಮಾಡುತ್ತಾರೆ, ಅವರು ನನಗೆ ಮಾಡುತ್ತಾರೆ. ಬರುವ ಗುರುವಾರದ ಸಭೆಯಲ್ಲಿ, ಅಂಥದೇ ಪತ್ರ ಬಂದ ಪಕ್ಕದೂರಿನ ಶಾಲೆಯ ಅಡುಗೆಯಾಕೆಯ ಸರದಿ. ಇವತ್ತು ಟ್ರಾಮ್ ಇಳಿದವಳೇ ನಸ್ರೀನಳಿಗೆ ಫೋನ್ ಮಾಡಿದೆ. ಭಾಷಣ ಬರೆಯಲು ಕೂರುತ್ತಿದ್ದೇನೆ, ಈ ಸಲ ಗಡಿಯಾರ ಎದುರಿಗಿಟ್ಟುಕೊಂಡು, ಎಂದೆ.

"ಬ್ಯಾಡ ಅಕ್ಕ," ಎಂದಳು. "ಆ ಶಾಲೆ ಹೆಡ್ ಮೇಡಂ ಜೊತೆ ಈ ಸಲ ನಾನೇ ನಿಂತ್ಕೊಂಡು ಮಾತಾಡ್ತೀನಿ. ಸೂಟ್‌ಕೇಸ್ ಕೆಳಗೆ ಇಳಿಸಿ ಇಟ್ಕೊಂಡು ಕಾಯೋದು ಹೆಂಗಿರ್ತದೆ ಅಂತ ನಂಗೆ ಗೊತ್ತಲ್ಲ. ನೀವು ಬಂದು ಮುಂದೆ ಕೂತ್ಕೊಳ್ಳಿ, ಸಾಕು."

ಅಂತೂ ಭಾಷಣ ಬರೆಯುವ ನನ್ನ ಕೆಲಸ ಹೋಯಿತು. ಇಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಕಳೆದುಕೊಂಡಿಲ್ಲ.