ಉಸಿರು ಸಾಲುವಷ್ಟು ಕುಣಿತ

ತ್ರೋಯಾನ್ ಪೇಟೆಯಲ್ಲಿ ಕಲಿನಾ ಎಂದರೆ ಬಸುರಿಯರನ್ನು ಕುಣಿಸುವವಳು. ಪ್ರತಿ ಮಂಗಳವಾರ ಬೆಳಿಗ್ಗೆ ಊರವರು ಸೇರುವ ಓದುಮನೆಯ ಹಾಲ್‌ನಲ್ಲಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಹೊರೋ ಕುಣಿತದ ಸಾಲು ಕಟ್ಟಿಸುತ್ತಾಳೆ. ನೆಗೆತವಿಲ್ಲ, ಗಿರಕಿಯಿಲ್ಲ, ಕೈಕೈ ಹಿಡಿದು ಬಲಕ್ಕೆ ಮೂರು ಹೆಜ್ಜೆ, ಎಡಕ್ಕೆ ಒಂದು. ಅವಳದೊಂದು ಕಟ್ಟಳೆಯಿದೆ. ಕುಣಿಯುತ್ತಲೇ ಒಬ್ಬೊಬ್ಬರೂ ಒಂದು ಪೂರ್ತಿ ಮಾತನ್ನು ಗಟ್ಟಿಯಾಗಿ ಹೇಳಬೇಕು. ನಡುವೆ ಏದುಸಿರು ಬಂದರೆ ಕುಣಿತ ಜೋರಾಯಿತೆಂದು ಲೆಕ್ಕ. ಇಡೀ ಸಾಲು ನಿಧಾನವಾಗಬೇಕು.

ಅವಳು ಪುಣ್ಯ ಕಟ್ಟಿಕೊಳ್ಳಲು ಈ ಕೆಲಸಕ್ಕೆ ಬಂದವಳಲ್ಲ. ಸೇಡಿಗೆ ಬಂದವಳು. ಅದನ್ನು ಮುಚ್ಚಿಟ್ಟು ನನಗೇನಾಗಬೇಕು?

ಹನ್ನೊಂದು ವರ್ಷದ ಹಿಂದೆ, ಮೂರನೇ ತಿಂಗಳಲ್ಲಿದ್ದಾಗ, ಒಂದು ಮದುವೆಯಲ್ಲಿ ಅವಳು ಒಂದೇ ಒಂದು ಸುತ್ತು ಕುಣಿದಿದ್ದಳು. ವಾರ ಕಳೆದ ಮೇಲೆ ಗರ್ಭ ಇಳಿಯಿತು. ಪಿಂಡವೇ ಸರಿಯಾಗಿ ಬೆಳೆದಿರಲಿಲ್ಲ, ಕುಣಿತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಅತ್ತೆ ಗಿನ್ಕಾಳ ಎದುರಿಗೇ ಬಿಡಿಸಿ ಹೇಳಿದರು. ಗಿನ್ಕಾ ಎಲ್ಲವನ್ನೂ ಕೇಳಿಸಿಕೊಂಡು ನೆಟ್ಟಗೆ ತೋತ್ಕಾಳ ಬ್ರೆಡ್ ಅಂಗಡಿಗೆ ಹೋದಳು. "ಕುಣಿದು ಕೂಸು ಕಳ್ಕೊಂಡ್ಳು ನಮ್ಮನೆ ಸೊಸೆ" ಎಂದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಗಂಡ ತುಟಿ ಬಿಚ್ಚಲಿಲ್ಲ. ಎರಡು ವರ್ಷಕ್ಕೆ ಕಲಿನಾ ಆ ಮನೆ ಬಿಟ್ಟಳು, ಸೂಲಗಿತ್ತಿಯ ಓದು ಓದಿದಳು, ಕಾದಳು.

ಕಾದದ್ದು ವ್ಯರ್ಥವಾಗಲಿಲ್ಲ. ಈ ವಸಂತದ ಒಂದು ಮಂಗಳವಾರ ಗಿನ್ಕಾ ತನ್ನ ಮಗಳು ನೆದಾಳ ತೋಳು ಹಿಡಿದು ಹಾಲ್‌ನ ಬಾಗಿಲಲ್ಲಿ ನಿಂತಿದ್ದಳು. ನೆದಾಳ ಮಣಿಕಟ್ಟಿನಲ್ಲಿ ದೃಷ್ಟಿಯ ಕೆಂಪು ದಾರ, ಹೊಟ್ಟೆ ಕಾಣದಿದ್ದರೂ ಮೈತುಂಬ ದೊಡ್ಡ ಕೋಟು.

"ಇವಳನ್ನ ಸೇರಿಸ್ಕೋ. ಡಾಕ್ಟರು ಕಳ್ಸಿದಾರೆ" ಎಂದಳು ಗಿನ್ಕಾ, ನೆಲ ನೋಡುತ್ತ.

"ಚೀಟಿ ಕೊಡಿ, ಅತ್ತೆ."

ಹತ್ತನೇ ವಾರ, ಯಾವ ತೊಂದರೆಯೂ ಇಲ್ಲ, ದಿನಾ ಅರ್ಧ ಗಂಟೆ ಓಡಾಡಲಿ ಎಂದು ಚೀಟಿಯಲ್ಲಿತ್ತು.

"ತಿಂಗಳಿಂದ ಮಂಚ ಬಿಟ್ಟು ಇಳಿದಿಲ್ಲ, ಅತ್ತಿಗೆ" ಎಂದಳು ನೆದಾ. "ಸೊಂಟ ಹಿಡ್ಕೊಂಡಿದೆ. ಆದ್ರೂ ಹೆದರಿಕೆ. ನಿಮಗೆ ಆದ ಹಾಗೆ ನಂಗೂ..."

ಕಲಿನಾಳ ಎದೆಯಲ್ಲಿ ಬೆಂಕಿ ಭಗ್ಗೆಂದಿತು. ತಾಯಿ ಹೇಳಿದ ಸುಳ್ಳು ಮಗಳ ಕಾಲನ್ನೇ ಕಟ್ಟಿಹಾಕಿತ್ತು. ಬಾಗಿಲು ಹಾಕಿಬಿಡಬಹುದಿತ್ತು. ಆದರೆ ಈ ಹುಡುಗಿ ಅವಳಿಗೇನು ಮಾಡಿದ್ದಳು?

"ತಲೆ ಸುತ್ತಿದ್ರೆ, ಹೊಟ್ಟೆ ನೋವು ಬಂದ್ರೆ, ಒಂದು ಹನಿ ರಕ್ತ ಕಂಡ್ರೂ ನಿಲ್ಲಿಸಿ ಡಾಕ್ಟರ ಹತ್ರ ಹೋಗು. ಈಗ ನೀರು ಕುಡಿ, ಕೋಟು ತೆಗಿ" ಎಂದಳು. ಆಮೇಲೆ ಗಿನ್ಕಾಳ ಕಡೆ ತಿರುಗಿದಳು. "ನೀವೂ ನಿಂತ್ಕೊಳ್ಳಿ ಅತ್ತೆ. ಅಮ್ಮನ ಕೈ ಇದ್ರೆ ಮಗಳಿಗೆ ಧೈರ್ಯ."

ಗಿನ್ಕಾಳ ಒಂದು ಕೈ ನೆದಾಳ ಕೈಯಲ್ಲಿ. ಇನ್ನೊಂದು, ತನ್ನ ಬಸುರಿ ಸೊಸೆಯ ಜೊತೆಗೆ ಬಂದಿದ್ದ ಬ್ರೆಡ್ ಅಂಗಡಿಯ ತೋತ್ಕಾಳ ಕೈಯಲ್ಲಿ. ಕಲಿನಾ ಬೇಕೆಂದೇ ಹಾಗೆ ನಿಲ್ಲಿಸಿದ್ದಳು. ಅಕಾರ್ಡಿಯನ್ ಶುರುವಾಯಿತು.

"ನಮ್ಮನೇಲಿ ಇವತ್ತು ಹುರುಳಿಕಾಯಿ ಸೂಪು" ಎಂದಳು ಮೊದಲನೆಯವಳು.

"ನಂಗೆ ಮೊಸರು ಬಿಟ್ರೆ ಏನೂ ಸೇರ್ತಿಲ್ಲ" ಎಂದಳು ತೋತ್ಕಾಳ ಸೊಸೆ.

ಗಿನ್ಕಾಳ ಸರದಿ ಬಂತು. "ನಾನೇನ್ ಹೇಳ್ಲಿ?"

"ನಾನ್ ಹೇಳ್ಕೊಡ್ತೀನಿ. 'ಕುಣಿದಿದ್ದಕ್ಕೆ ಕಲಿನಾಳ ಕೂಸು ಹೋಗ್ಲಿಲ್ಲ. ಅವತ್ತೇ ಡಾಕ್ಟರು ಹೇಳಿದ್ರು. ನಾನು ಊರಿಗೆಲ್ಲ ಸುಳ್ಳು ಹೇಳ್ದೆ.'"

ಗಿನ್ಕಾ ಕೈ ಕಿತ್ತುಕೊಳ್ಳಲು ನೋಡಿದಳು. ತೋತ್ಕಾ ಬಿಡಲಿಲ್ಲ. ನೆದಾಳ ಹೆಜ್ಜೆ ನಿಂತಿತು.

"ಡಾಕ್ಟರು ಅವತ್ತೇ ಹೇಳಿದ್ರಾ ಅಮ್ಮ? ಗೊತ್ತಿದ್ದೂ ನನ್ನ ಮಲಗಿಸಿದ್ಯಾ? ಹೇಳು. ಇಲ್ದಿದ್ರೆ ನಾನು ಮತ್ತೆ ಮಂಚಕ್ಕೇ ಹೋಗ್ತೀನಿ."

ಗಿನ್ಕಾ ಮಗಳ ಮುಖ ನೋಡಿದಳು. ಬಾಯಿ ತೆರೆದಳು. "ಕುಣಿದಿದ್ದಕ್ಕೆ... ಕಲಿನಾಳ..." ಉಸಿರು ಕಟ್ಟಿತು.

"ಏದುಸಿರು ಬಂತು. ಎಲ್ಲರೂ ನಿಧಾನ" ಎಂದಳು ಕಲಿನಾ, ತಣ್ಣಗೆ. "ಮತ್ತೆ ಹೇಳಿ."

ಎರಡನೇ ಸಲ ಅರ್ಧಕ್ಕೆ ಅಳು ಬಂತು. ಕಲಿನಾ ಕರಗಲಿಲ್ಲ. ಮೂರನೇ ಸಲ ಒಂದು ಮಾತೂ ಬಿಟ್ಟುಹೋಗದೆ, ಒಂದೇ ಉಸಿರಿನಲ್ಲಿ, ಹಾಲ್‌ನ ಕೊನೆಯವರೆಗೂ ಕೇಳಿಸಿತು. ತೋತ್ಕಾ ತಲೆ ತಗ್ಗಿಸಿದಳು. ನೆದಾ ಬಲಕ್ಕೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು.

ಕಲಿನಾಳಿಗೆ ಖುಷಿಯಾಯಿತು, ಹೊಟ್ಟೆ ತುಂಬುವಷ್ಟು ಖುಷಿ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ.

"ಉಸಿರು ಈಗ ಸರಿಯಾಗಿದೆ ಅತ್ತೆ" ಎಂದಳು. "ಮುಂದಿನ ಮಂಗಳವಾರ ಹೊಸಬರು ಬರ್ತಾರೆ. ನೀವೂ ಬನ್ನಿ. ನಿಮ್ಮ ಮಾತು ಆಗ್ಲೂ ಇದೇ."