ಹುಲ್ಲುಹಾಸಿಗೆ ಒಂದು ಕೆಜಿ

ಹಿರಿಯೂರಿನ ಗೊಬ್ಬರದಂಗಡಿ ಅಮ್ಮನ ಬಲಗೈ ಬೆರಳ ಸಂದಿಗಳಲ್ಲಿ ಸದಾ ಬಿಳಿ ಪುಡಿ ಅಂಟಿರುತ್ತಿತ್ತು. ಯೂರಿಯಾವನ್ನು ತಕ್ಕಡಿಗೆ ಸುರಿಯುವ ಮೊದಲು ಒಂದು ಹಿಡಿ ತೆಗೆದು, ಬೆರಳ ನಡುವೆ ಉದುರಿಸಿ, ಗಂಟು ಕಟ್ಟಿದೆಯೋ ಎಂದು ನೋಡುವುದು ಅವರ ಅಭ್ಯಾಸ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದ ಅವರನ್ನು ಗಿರಾಕಿಗಳೆಲ್ಲ ಅಮ್ಮ ಎಂದೇ ಕರೆಯುತ್ತಿದ್ದರು. ಯಾರೇ ಬರಲಿ, "ಕುಂತ್ಕಳ್ರಿ, ನಿಮ್ಮ ನೆಲ ಎಂಥದು ಹೇಳ್ರಿ" ಎಂದೇ ಮಾತು ಶುರು.

ನಾನು ಆಗ ಜವನಗೊಂಡನಹಳ್ಳಿಯ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಶಾಲೆಯ ಮುಂದೆ ಮಕ್ಕಳೇ ಕಲ್ಲು ಆರಿಸಿ, ಒಂದೊಂದೇ ಬೇರು ನೆಟ್ಟು ಹುಲ್ಲುಹಾಸು ಬೆಳೆಸಿದ್ದರು. ಅದು ಹಳದಿಗೆ ತಿರುಗಿದಾಗ ಗೊಬ್ಬರ ಎಷ್ಟು ಬೇಕೆಂದು ಲೆಕ್ಕ ಹಾಕುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಉದ್ದ ನಲವತ್ತು, ಅಗಲ ಇಪ್ಪತ್ತೈದು, ಸಾವಿರ ಚದರ. ಚದರಕ್ಕೆ ಐದು ಗ್ರಾಂ ಸಾರಜನಕ ಬೇಕೆಂದು ಕೃಷಿ ಇಲಾಖೆಯ ಕರಪತ್ರ ಹೇಳುತ್ತಿತ್ತು. ಯೂರಿಯಾದಲ್ಲಿ ಸಾರಜನಕ ಇರುವುದು ಅರ್ಧಕ್ಕಿಂತ ತುಸು ಕಡಿಮೆ. ಗುಣಿಸಿದೆ, ಭಾಗಿಸಿದೆ, ಹನ್ನೊಂದು ಕೆಜಿ ಬಂತು.

ಲೆಕ್ಕದ ಚೀಟಿ ಹಿಡಿದು ಅಮ್ಮನ ಅಂಗಡಿಗೆ ಹೋದೆ. ಅವರು ಚೀಟಿ ನೋಡಲಿಲ್ಲ. ಹುಲ್ಲಿನ ಮೇಲೆ ಮಕ್ಕಳು ಕಬಡ್ಡಿ ಆಡುವಷ್ಟು ಜಾಗ ಇದೆಯೇ ಎಂದು ಕೇಳಿದರು. ಅಷ್ಟು ದೊಡ್ಡದಲ್ಲ ಎಂದೆ. "ಹಂಗಾದ್ರೆ ಒಂದು ಕೆಜಿ ಸಾಕು" ಎಂದರು. ನನಗೆ ಸಿಟ್ಟು ಬಂತು. ಲೆಕ್ಕವನ್ನು ಪೂರ್ತಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಒಂದೇ ಕೆಜಿ ತೂಗಿ ಕೊಟ್ಟರು. ಉಳಿದ ಹತ್ತನ್ನು ನಾನು ಬೇರೆ ಅಂಗಡಿಯಿಂದ ತಂದು ಎರಚಿಸಿದೆ.

ನಾಲ್ಕೇ ದಿನಕ್ಕೆ ಹುಲ್ಲು ಕಂದಿ, ಸುಟ್ಟಂತಾಯಿತು. ಲೆಕ್ಕವನ್ನು ಮತ್ತೆ ಮತ್ತೆ ಹಾಕಿದೆ. ಪ್ರತಿ ಸಲವೂ ಸರಿಯೇ. ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರೂ ಸರಿ ಎಂದರು. ಲೆಕ್ಕ ಸರಿಯಿದೆ, ಹುಲ್ಲು ಸತ್ತಿದೆ. ಯಾವುದನ್ನು ನಂಬುವುದೋ ತಿಳಿಯದೆ ತಲೆ ಕೆಟ್ಟುಹೋಯಿತು. ತಾವು ನೀರು ಕಡಿಮೆ ಹಾಕಿದ್ದಕ್ಕೆ ಹೀಗಾಯಿತೇ ಎಂದು ಮಕ್ಕಳು ಕೇಳಿದಾಗ ನಾನು ಅಲ್ಲ ಎನ್ನಲಿಲ್ಲ. ಇವತ್ತಿಗೂ ನನ್ನನ್ನು ಚುಚ್ಚುವುದು ಅದೇ.

ಶನಿವಾರ ಅಂಗಡಿಗೆ ಹೋಗಿ ಹೇಳಿಕೊಂಡೆ. ಅಮ್ಮ ಬಾಗಿಲು ಹಾಕಿ ನನ್ನ ಜೊತೆಗೇ ಬಸ್ಸು ಹತ್ತಿದರು. ಹುಲ್ಲಿನ ಉದ್ದಕ್ಕೂ ಹೆಜ್ಜೆ ಹಾಕಿ ನೋಡಿ, ನಾನು ಅಳೆದ ಟೇಪು ಕೇಳಿದರು.

"ಟೀಚರಮ್ಮ, ಇದು ಅಡಿ ಐತೆ. ನಿಮ್ಮ ಕಾಗದದಾಗೆ ಏನೈತೆ?"

ಕರಪತ್ರ ಬಿಚ್ಚಿದೆ. ಚದರ ಮೀಟರ್ ಎಂದಿತ್ತು. ಸಾವಿರ ಚದರ ಅಡಿಯನ್ನು ನಾನು ಸಾವಿರ ಚದರ ಮೀಟರ್ ಮಾಡಿಬಿಟ್ಟಿದ್ದೆ. ಹತ್ತು ಪಟ್ಟಿಗೂ ಹೆಚ್ಚು ಗೊಬ್ಬರ. ವಾರವಿಡೀ ನೀರು ಬಿಟ್ಟು ಗೊಬ್ಬರದ ಉಪ್ಪನ್ನು ಬೇರಿನ ಕೆಳಕ್ಕೆ ಇಳಿಸಬೇಕು, ಬದುಕುವಷ್ಟು ಬದುಕುತ್ತದೆ ಎಂದರು ಅಮ್ಮ.

ಅವತ್ತೇ ನನ್ನನ್ನು ಯಾಕೆ ತಡೆಯಲಿಲ್ಲ ಎಂದು ಕೇಳಿದೆ.

"ನೀವು ಅವತ್ತು ಕೇಳಾಕೆ ಬಂದಿರ್ಲಿಲ್ಲ, ಹೇಳಾಕೆ ಬಂದಿದ್ರಿ" ಎಂದರು. ಟೇಪು ಸುತ್ತಿ ನನ್ನ ಕೈಗಿಡುತ್ತಾ, "ನಾನೂ ಇನ್ನೊಂದು ಮಾತು ಹೇಳಬೇಕಿತ್ತು ಬಿಡ್ರಿ" ಎಂದು ಸೇರಿಸಿದರು.

ಮಕ್ಕಳಿಗೆ ಏನು ಹೇಳಲಿ ಎಂದೆ.

"ತಪ್ಪಿದ ಲೆಕ್ಕನೇ ಬೋರ್ಡ್ ಮೇಲೆ ಬರೀರಿ. ಹುಲ್ಲು ಅವರದಲ್ವಾ."

ಸೋಮವಾರ ಬರೆದೆ. ತಪ್ಪು ಎಲ್ಲಿದೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಂಡುಹಿಡಿದಳು. ಯಾರೂ ನಗಲಿಲ್ಲ. ನೀರು ಹಾಕುವ ಸರದಿಗೆ ನನ್ನ ಹೆಸರನ್ನೂ ಸೇರಿಸಿಕೊಂಡರು. ಅರ್ಧ ಹುಲ್ಲು ಚಿಗುರಿತು, ಉಳಿದರ್ಧ ಮತ್ತೆ ನೆಟ್ಟೆವು.

ಕಳೆದ ವರ್ಷ ಅಮ್ಮ ತೀರಿಕೊಂಡರು. ಮನೆಗೆ ಹೋದಾಗ ಅವರ ಮಗಳು ನಾನು ಯಾರೆಂದು ಕೇಳಿದಳು. ಗಿರಾಕಿ ಎನ್ನಲೇ, ಸ್ನೇಹಿತೆ ಎನ್ನಲೇ? ಕೊನೆಗೆ, ಅವರ ಹತ್ತಿರ ಲೆಕ್ಕ ಕಲಿತವಳು ಎಂದೆ. ಅಮ್ಮ ಇಸ್ಕೂಲಿಗೇ ಹೋಗಿರಲಿಲ್ಲವಲ್ಲ ಎಂದು ಆಕೆ ನನ್ನ ಮುಖ ನೋಡಿದಳು. ಒಂದು ಕೆಜಿ ಯೂರಿಯಾದ ಕಥೆ ಹೇಳಿದೆ. ಆಕೆ ಸರಿದು, ಚಾಪೆಯ ಮೇಲೆ ತನ್ನ ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟಳು.