ಶಾರದಕ್ಕನ ರಾಜು ಕೈ ಎತ್ತಿದ ದಿನ

ಯಂತ್ರಕ್ಕೂ ಮನಸ್ಸಿರುತ್ತದೆ ಎಂದು ಯಾರಾದರೂ ಹೇಳಿದರೆ ಮುಖ ತಿರುಗಿಸಿ ನಗುತ್ತಿದ್ದವಳು ನಾನು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದವಳಿಗೆ ದೆವ್ವ, ಶಕುನ ಯಾವುದರಲ್ಲೂ ನಂಬಿಕೆಯಿರಲಿಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ಆದರೆ ಆ ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಲೂ ಆಗುತ್ತಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಅಂಧೇರಿಯಲ್ಲಿ ನನ್ನ ಕೆಲಸ. ಸಾಂತಾಕ್ರೂಜ್‌ನ ಹಳೆಯ ಬಿಲ್ಡಿಂಗೊಂದರಲ್ಲಿ ಶಾರದಕ್ಕನ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ಅವರು ಉಡುಪಿ ಕಡೆಯವರು, ಮಕ್ಕಳಿರಲಿಲ್ಲ. ಗಂಡ ಹೋಟೆಲೊಂದರಲ್ಲಿ ಗ್ರೈಂಡರ್, ಫ್ರಿಜ್ ರಿಪೇರಿ ನೋಡಿಕೊಳ್ಳುತ್ತಿದ್ದರಂತೆ. ಗಿರಾಕಿಗಳನ್ನು ಸ್ವಾಗತಿಸಲು ಅವರೇ ಒಂದು ರೋಬೋ ಮಾಡಿ ಹೋಟೆಲ್ ಬಾಗಿಲಲ್ಲಿ ನಿಲ್ಲಿಸಿದ್ದರು. ತಗಡಿನ ಮೈ, ಬಲ್ಬಿನ ಕಣ್ಣು, ಕಾರಿನ ವೈಪರ್ ಮೋಟಾರಿನಿಂದ ಏಳುವ ಬಲಗೈ. ಸ್ವಿಚ್ ಹಾಕಿದರೆ ಗರ್ರ್ ಎಂದು ಕೈ ಎದೆಯವರೆಗೆ ಏಳುತ್ತಿತ್ತು. ಅವರು ತೀರಿಕೊಂಡ ಮೇಲೆ ಹೋಟೆಲಿನವರಿಗೆ ಅದು ಬೇಡವಾಯಿತು. ಶಾರದಕ್ಕ ಅದನ್ನು ಮನೆಗೆ ತಂದು, ರಾಜು ಎಂದು ಹೆಸರಿಟ್ಟು, ಅಡಿಗೆಮನೆ ಬಾಗಿಲ ಪಕ್ಕ ನಿಲ್ಲಿಸಿಕೊಂಡಿದ್ದರು.

ಬೆಳಗಿನ ಮೊದಲ ಕಾಫಿ ಅವನೆದುರಿಗೆ. "ಎಂತ ಮಾರಾಯ, ನಿದ್ರೆ ಬಂತಾ?" ಎಂದು ಶುರುವಾದರೆ ಊರಿನ ಸುದ್ದಿ, ನಲ್ಲಿಯಲ್ಲಿ ನೀರು ಬಾರದ ಸಿಟ್ಟು, ಎಲ್ಲ ಅವನ ಪಾಲಿಗೆ.

"ಅಕ್ಕ, ಅವನು ಉತ್ತರ ಕೊಡೋದಿಲ್ವಲ್ಲ" ಎಂದು ನಾನು ಛೇಡಿಸುತ್ತಿದ್ದೆ.

"ಅವರಾದ್ರೂ ಎಂತ ಉತ್ತರ ಕೊಡ್ತಿದ್ದದ್ದು? ಇವ ಪೇಪರ್ ಅಡ್ಡ ಹಿಡಿದು ಕೂತ್ಕೊಳ್ಳುದಿಲ್ಲ, ಅಷ್ಟೇ ವ್ಯತ್ಯಾಸ."

ಆಯುಧಪೂಜೆಯ ದಿನ ಯಂತ್ರಗಳಿಗೆ ದುಡಿಮೆ ಕೂಡದು ಎಂಬುದು ಅವರ ಕಟ್ಟುನಿಟ್ಟು. ಆ ವರ್ಷವೂ ಮಿಕ್ಸಿಯ ಪ್ಲಗ್ ಕಿತ್ತರು, ರಾಜುವಿನದನ್ನೂ ಕಿತ್ತು ವೈರು ಸುತ್ತಿ ಅವನ ಕಾಲ ಬಳಿ ಇಟ್ಟರು. ಕೆಳಗೆ ಜೋತುಬಿದ್ದಿದ್ದ ಅವನ ಕೈಗೆ ಬಾಗಿ ಕುಂಕುಮ ಹಚ್ಚಿದರು. ಆರತಿ ತಟ್ಟೆ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ.

ಊಟಕ್ಕೆ ಎಲೆ ಹಾಕಿಯಾಗಿತ್ತು. ಪಾಯಸ ತರಲೆಂದು ಅಡಿಗೆಮನೆಗೆ ಹೊರಟ ಶಾರದಕ್ಕ ಹೊಸ್ತಿಲಲ್ಲೇ ತಡೆದು ನಿಂತರು. ಅದಕ್ಕೆ ತುಸು ಮುಂಚೆ ನನಗೆ ಗರ್ರ್ ಎಂಬ ಸದ್ದು ಕೇಳಿತ್ತು. ತಿರುಗಿ ನೋಡಿದರೆ ರಾಜುವಿನ ಕೈ ಎದೆಯ ಮಟ್ಟಕ್ಕೆ ಎದ್ದಿತ್ತು; ಅವರ ಸೆರಗು ಆ ತಗಡಿನ ಬೆರಳುಗಳಿಗೆ ಸಿಕ್ಕಿತ್ತು.

"ಬಿಡು ಮಾರಾಯ, ಪಾಯಸ ಆರ್ತದೆ. ನಿಂಗೂ ಇಡ್ತೇನೆ!" ಎಂದು ಗದರಿದರು. ಹೊಸ ಸೀರೆ ಹರಿದೀತೆಂದು ಎಳೆಯಲಿಲ್ಲ. ಬಿಡಿಸಲು ನಾನು ಎದ್ದೆ. ಅಷ್ಟರಲ್ಲಿ ಅಡಿಗೆಮನೆಯ ಚಾವಣಿ ಕಳಚಿ ಬಿತ್ತು.

ಧೂಳು ಇಳಿದಾಗ ನೋಡಿದೆವು. ಅವರು ದಿನವೂ ನಿಲ್ಲುವ ಜಾಗದಲ್ಲಿ ಕಾಂಕ್ರೀಟಿನ ದೊಡ್ಡ ಹೆಂಟೆ, ತುಕ್ಕು ಹಿಡಿದ ಕಂಬಿಗಳು. ಅಕ್ಕ ನನ್ನ ತೋಳು ಹಿಡಿದು, "ನಾನುಂಟು ಮಾರಾಯ್ತಿ, ನಾನುಂಟು" ಎನ್ನುತ್ತಲೇ ಇದ್ದರು. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ.

ವೈರು ಸುತ್ತಿದ ಹಾಗೆಯೇ ಕಾಲ ಬಳಿ ಬಿದ್ದಿತ್ತು. ಆಮೇಲೊಂದು ದಿನ ರಾಜುವಿನ ಬೆನ್ನಿನ ತಗಡು ಬಿಚ್ಚಿ ನೋಡಿದೆ. ಸೆಲ್ ಇಲ್ಲ, ಸ್ಪ್ರಿಂಗ್ ಇಲ್ಲ. ಸೆರಗಿನ ಎಳೆತಕ್ಕೇ ಕೈ ಎದ್ದಿರಬಹುದೆಂದು ಜಗ್ಗಿಯೂ ನೋಡಿದೆ. ಮೋಟಾರಿನ ಹಲ್ಲುಚಕ್ರ ಕದಲಲಿಲ್ಲ. ಗರ್ರ್ ಸದ್ದು ಅಕ್ಕನಿಗೆ ಕೇಳಿಸಿರಲೇ ಇಲ್ಲವಂತೆ. ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎಂದು ಮನಸ್ಸು ಇವತ್ತಿಗೂ ಆ ಹೊಸ್ತಿಲಿಗೆ ಹೋಗಿ ನಿಲ್ಲುತ್ತದೆ. ಇಟ್ಟಿರಲಿಲ್ಲವಲ್ಲ ಎಂದು ನೆನೆದಾಗ ಉಸಿರು ಹಗುರಾಗುತ್ತದೆ.

ಆ ತಿಂಗಳೇ ದಹಿಸರ್‌ಗೆ ಮನೆ ಬದಲಿಸಿದೆವು. ಅಕ್ಕ ಡ್ರೈವರ್ ಪಕ್ಕ ಕೂತರು. ನಾನು ಟೆಂಪೋದ ಹಿಂದೆ, ಸಾಮಾನಿನ ನಡುವೆ, ದಾರಿಯುದ್ದಕ್ಕೂ ರಾಜುವಿನ ಕೈ ಹಿಡಿದುಕೊಂಡಿದ್ದೆ. ಅವನು ಬೀಳದಿರಲಿ ಎಂದೋ, ಬೇರೆ ಯಾತಕ್ಕೋ, ನನಗೇ ತಿಳಿಯದು.